ಕರಿ ರೇಷ್ಮೆ

ಐದು ಹಲ್ಲು ಕಿತ್ತು, ಒಸಡಿಗೆ ಹೊಲಿಗೆ ಹಾಕಿ
ತಸ್ಮಿಯಾ ಡಾಕ್ಟರು ಹೇಳಿದರು:
ಆವಲಮ್ಮಾ, ನಾಲಗೆಯಲ್ಲಿ ಮುಟ್ಟಬೇಡಿ,
ರೇಷ್ಮೆ ದಾರ.

ಮುಟ್ಟದೆ ಇರಲಾದೀತೆ?
ಇಪ್ಪತ್ತಾರು ವರ್ಷ, ಶಿಡ್ಲಘಟ್ಟದ ಅಮಾನುಲ್ಲಾ ಸಾಬರ ಫಿಲೇಚರಿನಲ್ಲಿ
ಬಿಸಿನೀರಿಗೆ ಬೆರಳಿಟ್ಟು ಎಳೆ ಹುಡುಕಿದವಳು.
ಮುಟ್ಟಿದೆ. ಮೂರು ಗಂಟು. ಹುರಿ ಬಿಗಿ.
ಕರಿ ಬಣ್ಣ ಅಂತ ಆಮೇಲೆ ಕನ್ನಡಿ ಹೇಳಿತು.
ನಾವು ಬಿಚ್ಚಿದ ನೂಲು ಎಲ್ಲೆಲ್ಲಿಗೋ ಹೋಗುತ್ತದೆ,
ಮದುವೆಗೆ, ಮೆರವಣಿಗೆಗೆ, ಟ್ರಂಕಿನ ತಳಕ್ಕೆ;
ಬಾಯಿಗೂ ಬರುತ್ತದೆ ಅಂತ ಗೊತ್ತಿರಲಿಲ್ಲ.

ಕರೆಂಟು ಕೊಡುವ ಮುಂಚೆಯೇ ಕೆಟ್ಟ ಹಲ್ಲು ಹೊರಗೆ ಹೋಗಬೇಕಂತೆ.
ಕರೆಂಟು ತಿಂದ ದವಡೆಗೆ ಗಾಯ ಮಾಯಿಸುವ ಶಕ್ತಿ ಇರದು,
ಆಮೇಲೆ ಕಿತ್ತರೆ ಮೂಳೆಯೇ ಕೊಳೆತೀತು.
ಗಂಗುಲಪ್ಪ ಹೊರಗೆ ಬೆಂಚಿನ ಮೇಲೆ ಗೊಣಗುತ್ತಿದ್ದ:
ಕ್ಯಾನ್ಸರಿಗೆ ಬಂದವಳಿಗೆ ಹಲ್ಲಿನ ಶೃಂಗಾರ ಯಾಕೆ?

ಹನ್ನೆರಡನೇ ವಯಸ್ಸಿಗೆ ಹಲ್ಲು ನೋವು ಬಂದಿತ್ತು.
ಅವ್ವ ಹೊಗೆಸೊಪ್ಪು ಚಿವುಟಿ ಎಡಗೆನ್ನೆಯೊಳಗೆ ಒತ್ತಿದಳು.
ನೋವು ಹೋಯಿತು. ಸೊಪ್ಪು ಹೋಗಲಿಲ್ಲ.
ರಾತ್ರಿ ಪಾಳಿಯ ತೂಕಡಿಕೆಗೆ ಅದೇ, ಹಸಿವಿಗೆ ಅದೇ,
ಬೆಂದ ಹುಳದ ವಾಸನೆಗೂ ಅದೇ.
ಈಗ ಅವ್ವನನ್ನು ಬೈಯೋಣ ಅಂದರೆ
ಬಾಯಿ ತೆರೆಯುವುದಿಲ್ಲ.

ಮೂವತ್ತಮೂರು ಕರೆಂಟು. ದಿನಾ ಕತ್ತಲಲ್ಲಿ ಮೊದಲ ಬಸ್ಸು,
ಮುಖಕ್ಕೆ ಜಾಲರಿ ಬಿಗಿದು ಅಲುಗಬೇಡಿ ಅನ್ನುವ ಹುಡುಗ.
ಹುಳ ಜ್ವರಕ್ಕೆ ಕೂತರೆ ತಲೆ ಎತ್ತಿ ಹಾಗೇ ನಿಲ್ಲುತ್ತದೆ,
ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು.
ನಾನೂ ಹಾಗೇ ಕೂತೆ.
ರಾಗಿ ಗಂಜಿ ಚಮಚದಲ್ಲೇ ಆರಿ ಕೆನೆಗಟ್ಟಿತು.
ಹುಳ ಒಂದೇ ದಿನಕ್ಕೆ ಜ್ವರದಿಂದ ಏಳುತ್ತದೆ.
ನಾನು ಏಳಲು ನಾಲ್ಕು ತಿಂಗಳು.

ಜೊಲ್ಲು ಒಣಗಿತು.
ಹುಳದ ಜೊಲ್ಲೇ ನೂಲು, ಗಾಳಿ ತಾಗಿದರೆ ಗಟ್ಟಿ,
ಅದನ್ನೇ ತೂಗಿ ಮಾರಿ ನಮ್ಮೂರು ಹೊಟ್ಟೆ ಹೊರೆದಿದೆ.
ನನ್ನ ಜೊಲ್ಲಿಗೂ ಬೆಲೆ ಇತ್ತೆಂದು ಯಾರು ಹೇಳಿದ್ದರು?
ಹಲ್ಲಿಗೆ ಅದೇ ಕಾವಲು ಅಂದರು ಡಾಕ್ಟರು, ಕಾವಲುಗಾರ ಹೋದ ಮೇಲೆ.
ಈಗ ಸೊಂಟದಲ್ಲಿ ನೀರಿನ ಬಾಟಲಿ. ಉಪ್ಪು, ಅಡುಗೆ ಸೋಡಾ ಕಲಸಿದ ನೀರು
ಉಂಡಾಗ, ಎದ್ದಾಗ, ನಡುರಾತ್ರಿ ನಾಲಗೆ ಅಂಗುಳಕ್ಕೆ ಅಂಟಿದಾಗ.
ಕೂಸುಗಳ ಬ್ರಷ್ಷು.
ಮಲಗುವ ಮುಂಚೆ, ನನ್ನ ಹಲ್ಲಿನ ಅಚ್ಚಿಗೇ ಮಾಡಿದ ತೆಳು ತಟ್ಟೆ,
ಅದಕ್ಕೆ ಫ್ಲೋರೈಡು ಸವರಿ ಕಚ್ಚಿಕೊಂಡು ಐದು ನಿಮಿಷ.
ಉಗಿಯಬೇಕು, ಮುಕ್ಕಳಿಸಬಾರದು.
ಗಡಿಯಾರ ನೋಡಿ ಕೈ ಎತ್ತುವವನು ಗಂಗುಲಪ್ಪನೇ,
ರೈಲಿಗೆ ಹಸಿರು ಬಾವುಟ ತೋರಿಸುವವನ ಹಾಗೆ.

ಎಲೆಯಡಿಕೆ ಚೀಲ ಎಸೆದಿಲ್ಲ.
ಅದರೊಳಗೆ ಈಗ ಒಂದು ಚೀಟಿ:
ಯಾವ ಊರಿನ ಯಾವ ಡಾಕ್ಟರು ಹಲ್ಲು ಕೀಳುತ್ತೇನೆ ಅಂದರೂ
ಮೊದಲು ಇದನ್ನು ತೋರಿಸುವುದು.

ಮತ್ತೆ, ಕಡ್ಡಿಗಳು.
ಬಸ್ ಸ್ಟ್ಯಾಂಡಿನ ಐಸ್‌ಕ್ರೀಮ್ ಖಲೀಲ ಒಂದು ಕಟ್ಟು ಕೊಟ್ಟ, ದುಡ್ಡು ಮುಟ್ಟಲಿಲ್ಲ.
ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸಬೇಕು,
ಬಾಯಿ ಎಷ್ಟು ತೆರೆಯಿತೆಂಬ ಲೆಕ್ಕ ಅಷ್ಟೇ.
ಶುರುವಾದದ್ದು ಒಂಬತ್ತಕ್ಕೆ.
ಹದಿನಾಲ್ಕಕ್ಕೆ ಬಂದು ಒಂದು ತಿಂಗಳು ನಿಂತೇಬಿಟ್ಟಿತು.
ನಿನ್ನೆ ಹದಿನೇಳನೆಯದನ್ನು ನುಗ್ಗಿಸುವಾಗ ಕಣ್ಣಲ್ಲಿ ನೀರು.
ಬಾಯಲ್ಲೂ ಏನೋ ಬಂದ ಹಾಗಾಯಿತು.
ಬೆರಳಿಟ್ಟು ನೋಡಿದೆ,
ಗೂಡಿನ ತುದಿ ಹುಡುಕುವ ಅದೇ ಬೆರಳು.
ಅಂಟು ಇತ್ತು.
ಎಳೆದರೆ ಒಂದಂಗುಲ ಬಂದು ಕಿತ್ತುಹೋಯಿತು.
ಒಳ್ಳೆಯ ನೂಲಲ್ಲ ಬಿಡಿ,
ಸಾಬರು ಇದನ್ನು ತೂಕಕ್ಕೇ ಹಾಕುತ್ತಿರಲಿಲ್ಲ.